ಯಾವ ಆಸ್ಪತ್ರೆಗೆ? ಅದಕ್ಕೂ ಮೊದಲು, ಯಾರನ್ನು?

ನಮ್ಮ ಕರಾವಳಿಯಲ್ಲಿ ಎಲ್ಲಾದರೂ ಅಪಘಾತವಾದರೆ ಸೇರಿದ ಜನರ ಬಾಯಲ್ಲಿ ಮೊದಲು ಬರುವ ಮಾತು ಒಂದೇ. "ಯಾವ ಆಸ್ಪತ್ರೆಗೆ?" ಪೆಟ್ಟು ಬಿದ್ದವನು ಉಸಿರಾಡುತ್ತಿದ್ದಾನಾ ಎಂದು ಬಗ್ಗಿ ನೋಡುವ ಮೊದಲೇ ನಾಲ್ಕು ಜನ ನಾಲ್ಕು ಹೆಸರು ಹೇಳಿ ಆಗಿರುತ್ತದೆ. ಒಬ್ಬರಿಗೆ ಅಲ್ಲಿ ಪರಿಚಯದ ಡಾಕ್ಟರ್ ಇದ್ದಾರೆ. ಇನ್ನೊಬ್ಬರ ಭಾವನಿಗೆ ಅಲ್ಲಿ ಮೆಡಿಕಲ್ ಶಾಪಿನಲ್ಲಿ ಕೆಲಸ. ಮೂರನೆಯವರು "ಅಲ್ಲಿಗೆ ಬೇಡ ಮಾರಾಯ್ರೆ, ಬಿಲ್ ಜಾಸ್ತಿ" ಅನ್ನುತ್ತಾರೆ.

ಈ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. ದಕ್ಷಿಣ ಕನ್ನಡದಲ್ಲಿ ಎಂಟು ಮೆಡಿಕಲ್ ಕಾಲೇಜುಗಳಿವೆ. ಉಡುಪಿ ಜಿಲ್ಲೆಯ ಮಣಿಪಾಲದಲ್ಲಿ ಇನ್ನೊಂದು. ಮಣಿಪಾಲದ ಕೆಎಂಸಿ ಶುರುವಾದದ್ದು 1953ರಲ್ಲಿ. ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಯ ಚರಿತ್ರೆ 1848ರವರೆಗೆ ಹಿಂದಕ್ಕೆ ಹೋಗುತ್ತದೆ. ಕಾಸರಗೋಡಿನವರೂ ಚಿಕಿತ್ಸೆಗೆ ಇಲ್ಲಿಗೇ ಬರುತ್ತಾರೆ. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಆ ರೋಗಿಗಳ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇಷ್ಟು ಆಸ್ಪತ್ರೆ ಇರುವ ಊರಿನಲ್ಲಿ ಆಯ್ಕೆಯ ಗೊಂದಲ ಸಹಜ, ಅಲ್ವಾ?

ಆದರೆ ನನಗೆ ಒಂದು ಅನುಮಾನ ಉಂಟು. ಆಸ್ಪತ್ರೆ ಜಾಸ್ತಿ ಇರುವುದರಿಂದಲೇ ನಾವು ಅದಕ್ಕೆ ಮೊದಲಿನ ಹತ್ತು ನಿಮಿಷವನ್ನು ಮರೆತಿದ್ದೇವೆ. ಹೇಗಾದರೂ ಬೇಗ ತಲುಪಿಸಿದರೆ ಸಾಕು, ಉಳಿದದ್ದು ಅಲ್ಲಿಯವರು ನೋಡಿಕೊಳ್ಳುತ್ತಾರೆ ಎಂಬ ಧೈರ್ಯ ನಮ್ಮದು. ಪೆಟ್ಟಾದವನು ಒಬ್ಬನೇ ಆದರೆ ಈ ಧೈರ್ಯ ಅರ್ಧ ಸರಿ. ನಾಲ್ಕು ಜನ ಆದರೆ ಪೂರ್ತಿ ತಪ್ಪು.

ಆ ಸಂಜೆ ನೋಡಿದ್ದು

ಹೆದ್ದಾರಿ 66ರಲ್ಲಿ ಕಟಪಾಡಿ ದಾಟಿ ಸ್ವಲ್ಪ ದೂರ. ಮಳೆಗಾಲದ ಸಂಜೆ. ಒಂದು ಟೆಂಪೋ, ಒಂದು ಬೈಕು, ಒಂದು ಸ್ಕೂಟರ್. ನಾನಿದ್ದ ಬಸ್ಸು ಹಿಂದೆಯೇ ಬಂದು ನಿಂತಿತು. ನಾವು ಕೆಲವರು ಇಳಿದು ಓಡಿದೆವು.

ಸ್ಕೂಟರಿನ ಹೆಂಗಸಿಗೆ ಮಣಿಕಟ್ಟು ಮುರಿದಿತ್ತು. ನೋಡುವಾಗಲೇ ಗೊತ್ತಾಗುವಷ್ಟು ಸೊಟ್ಟಗಾಗಿತ್ತು. ಅವರು ಜೋರಾಗಿ ಬೊಬ್ಬೆ ಹಾಕುತ್ತಿದ್ದರು. ಟೆಂಪೋ ಚಾಲಕನ ತೊಡೆಯಿಂದ ರಕ್ತ ಹರಿಯುತ್ತಿತ್ತು. ಬೈಕಿನಲ್ಲಿ ಹಿಂದೆ ಕೂತಿದ್ದ ಹುಡುಗ ಅಂಗಾತ ಬಿದ್ದಿದ್ದ. ಗೊರಕೆಯಂಥ ಶಬ್ದ ಬರುತ್ತಿತ್ತು. ಬೈಕ್ ಓಡಿಸುತ್ತಿದ್ದವನು ಮಾತ್ರ ತಾನೇ ಎದ್ದು ನಡೆದು ಹೋಗಿ ಬಸ್‌ಸ್ಟಾಪಿನ ಕಟ್ಟೆಯಲ್ಲಿ ಕೂತ. ಕೇಳಿದರೆ "ಎಂಕ್ ದಾಲ ಇಜ್ಜಿ" ಅಂದ. ನನಗೇನೂ ಆಗಿಲ್ಲ ಅಂತ.

ಮೊದಲ ರಿಕ್ಷಾದಲ್ಲಿ ಹೋದದ್ದು ಸ್ಕೂಟರಿನ ಅಕ್ಕ. ಅವರ ಬೊಬ್ಬೆ ಕೇಳಲಾಗುತ್ತಿರಲಿಲ್ಲ, ಮತ್ತೆ ಅಲ್ಲಿದ್ದ ಇಬ್ಬರಿಗೆ ಅವರ ಗುರುತಿತ್ತು. ಎರಡನೆಯದರಲ್ಲಿ ಗೊರಕೆಯ ಹುಡುಗ. ಕೈ ಇಬ್ಬರು ಕಾಲು ಇಬ್ಬರು ಹಿಡಿದು, ತಲೆ ಹಿಂದಕ್ಕೆ ಜೋತಾಡುತ್ತಾ, ಸೀಟಿನ ಮೇಲೆ ಅಂಗಾತ. ಚಾಲಕನ ತೊಡೆಗೆ ಯಾರೋ ಹೋಟೆಲಿನಿಂದ ಕಾಫಿ ಪುಡಿ ತಂದು ಹಾಕಿದರು. ಕಟ್ಟೆಯಲ್ಲಿ ಕೂತವನಿಗೆ ಒಬ್ಬರು ನೀರು ಕುಡಿಸಿದರು. ಸುಮಾರು ಅರ್ಧ ಗಂಟೆಯ ನಂತರ ಅವನು ಕೂತಲ್ಲಿಯೇ ಪಕ್ಕಕ್ಕೆ ಒರಗಿದ. ಹೊಟ್ಟೆಯೊಳಗೆ ಸ್ಪ್ಲೀನ್ (ಎಡಪಕ್ಕೆಯ ಕೆಳಗಿರುವ, ರಕ್ತ ತುಂಬಿದ ಅಂಗ) ಒಡೆದಿತ್ತು ಎಂದು ಆಮೇಲೆ ರಿಕ್ಷಾ ಸ್ಟ್ಯಾಂಡಿನವರಿಂದ ತಿಳಿಯಿತು. ಬೈಕಿನ ಹ್ಯಾಂಡಲ್ ಹೊಟ್ಟೆಗೆ ಒತ್ತಿತ್ತಂತೆ. ರಾತ್ರಿಯೇ ಆಪರೇಷನ್ ಆಗಿ ಬದುಕಿದ.

ಇದರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇರಲಿಲ್ಲ. ಎಲ್ಲರೂ ಓಡಿ ಬಂದವರೇ, ಬಟ್ಟೆಗೆ ರಕ್ತ ಹಚ್ಚಿಕೊಂಡವರೇ. ಆದರೆ ಹೋದ ಸರದಿ ಇಡೀ ತಪ್ಪಾಗಿತ್ತು.

ಸರದಿ ಹಾಕುವ ವಿದ್ಯೆ

ಇದಕ್ಕೆ ವೈದ್ಯರು ಹೇಳುವ ಶಬ್ದ ಟ್ರಯೇಜ್. ಬೇರ್ಪಡಿಸು, ವಿಂಗಡಿಸು ಎಂಬ ಅರ್ಥದ ಫ್ರೆಂಚ್ ಶಬ್ದದಿಂದ ಬಂದದ್ದು. ನೆಪೋಲಿಯನ್ನನ ಸೈನ್ಯದಲ್ಲಿ ಸರ್ಜನ್ ಆಗಿದ್ದ ಡೊಮಿನಿಕ್ ಜಾನ್ ಲಾರೆ ಯುದ್ಧಭೂಮಿಯಲ್ಲಿ ಒಂದು ಕಟ್ಟಳೆ ಹಾಕಿದ. ಜೀವಕ್ಕೆ ಹೆಚ್ಚು ಅಪಾಯ ಇರುವವನಿಗೆ ಮೊದಲು ಚಿಕಿತ್ಸೆ, ಅವನು ಜನರಲ್ ಆಗಿರಲಿ ಸಿಪಾಯಿ ಆಗಿರಲಿ. ಅಲ್ಲಿಯವರೆಗೆ ಪದವಿ ನೋಡಿ ಎತ್ತುತ್ತಿದ್ದರು. ನಾವು ಈಗ ಗುರುತು ನೋಡಿ ಎತ್ತುತ್ತೇವೆ. ದೊಡ್ಡ ವ್ಯತ್ಯಾಸವೇನಿಲ್ಲ.

ಇವತ್ತು ಹೆಚ್ಚು ಬಳಕೆಯಲ್ಲಿರುವ ಕ್ರಮಕ್ಕೆ ಸ್ಟಾರ್ಟ್ ಎಂದು ಹೆಸರು. 1983ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್ ಎಂಬ ಊರಿನಲ್ಲಿ ಅಗ್ನಿಶಾಮಕ ದಳ ಮತ್ತು ಅಲ್ಲಿಯ ಹೋಗ್ ಆಸ್ಪತ್ರೆ ಸೇರಿ ಮಾಡಿದ್ದು. ಒಬ್ಬ ಗಾಯಾಳುವಿಗೆ ಹೆಚ್ಚೆಂದರೆ ಅರ್ಧ ನಿಮಿಷ. ಉಪಕರಣ ಏನೂ ಬೇಡ. ಒಬ್ಬೊಬ್ಬರಿಗೂ ಒಂದು ಬಣ್ಣ: ಕೆಂಪಿನವರು ಮೊದಲು, ಹಳದಿಯವರು ಆಮೇಲೆ, ಹಸಿರಿನವರು ಕೊನೆಗೆ. ಕಪ್ಪು ಎಂದರೆ ಬದುಕುವ ಭರವಸೆ ಇಲ್ಲದವರು.

ಮೊದಲು ಗಟ್ಟಿಯಾಗಿ ಕೂಗಬೇಕು: ನಡೆಯಲು ಆಗುವವರೆಲ್ಲ ಆ ಮರದ ಹತ್ತಿರ ಹೋಗಿ. ಎದ್ದು ನಡೆದವರು ಹಸಿರು. ಉಳಿದವರ ಹತ್ತಿರ ಒಬ್ಬೊಬ್ಬರಾಗಿ ಹೋಗಿ ಉಸಿರು ನೋಡಬೇಕು. ಉಸಿರಿಲ್ಲದಿದ್ದರೆ ಬಾಯಿ, ಗಂಟಲಿನ ದಾರಿ ತೆರೆದು ನೋಡಬೇಕು. ಆಗಲೂ ಬಾರದಿದ್ದರೆ ಕಪ್ಪು, ದಾರಿ ತೆರೆದ ಮೇಲೆ ಬಂದರೆ ಕೆಂಪು. ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಉಸಿರಾಡುತ್ತಿದ್ದರೆ ಕೆಂಪು. ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ ಕೆಂಪು. "ಕಣ್ಣು ಬಿಡಿ, ಕೈ ಹಿಡಿಯಿರಿ" ಅಂದರೆ ಮಾಡಲಾಗದಿದ್ದರೆ ಕೆಂಪು. ಇದೆಲ್ಲ ಸರಿ ಇದ್ದೂ ನಡೆಯಲಾಗದವರು ಹಳದಿ. ನಡುವೆ ಮಾಡಬಹುದಾದ ಚಿಕಿತ್ಸೆ ಬಹಳ ಕಡಿಮೆ. ಉಸಿರಿನ ದಾರಿ ತೆರೆಯುವುದು, ಸುರಿಯುವ ರಕ್ತ ನಿಲ್ಲಿಸುವುದು. ಮತ್ತೆ ಮುಂದಿನವರ ಹತ್ತಿರ.

ಕಪ್ಪು ಬಣ್ಣದ ವಿಷಯ ಕೇಳಿದರೆ ಯಾರಿಗಾದರೂ ಕಸಿವಿಸಿ ಆಗುತ್ತದೆ. ಒಬ್ಬನೇ ಬಿದ್ದಿದ್ದರೆ ಎದೆ ಒತ್ತಿ ಒತ್ತಿ ಬದುಕಿಸಲು ನೋಡುತ್ತೇವೆ, ನೋಡಲೇಬೇಕು. ಹತ್ತು ಜನ ಬಿದ್ದು ಕೈ ಎರಡೇ ಇದ್ದಾಗ ಅದೇ ಕೆಲಸ ಉಳಿದ ಇಬ್ಬರ ಜೀವ ತೆಗೆಯಬಹುದು. ಹಾಗಾಗಿ ಈ ಕ್ರಮ ಇರುವುದು ಕೈಗಿಂತ ಗಾಯಾಳುಗಳು ಜಾಸ್ತಿ ಆದಾಗ ಮಾತ್ರ. ಒಬ್ಬರೇ ಇದ್ದಾಗ ಕೇಳಬೇಕಾದ ಪ್ರಶ್ನೆಯೇ ಬೇರೆ: ಇವರಿಗೆ ಎಷ್ಟು ಅಪಾಯ, ಎಲ್ಲಿಗೆ ಒಯ್ಯಬೇಕು? ಈ ಎರಡನ್ನೂ ಒಂದೇ ಎಂದುಕೊಂಡು ಗೊಂದಲ ಮಾಡಿಕೊಳ್ಳುವವರೇ ಹೆಚ್ಚು.

ಈಗ ಆ ಸಂಜೆಗೆ ಇದನ್ನು ಹಚ್ಚಿ ನೋಡೋಣ. ಗೊರಕೆಯ ಹುಡುಗ ಕೆಂಪು. ಪ್ರಜ್ಞೆ ತಪ್ಪಿದವನ ಗೊರಕೆ ನಿದ್ದೆಯ ಗೊರಕೆಯಲ್ಲ. ನಾಲಿಗೆ ಹಿಂದೆ ಬಿದ್ದು ದಾರಿ ಅರ್ಧ ಮುಚ್ಚಿದೆ ಎಂದು ಅದರ ಅರ್ಥ. ದವಡೆಯನ್ನು ಮುಂದಕ್ಕೆ ತಂದು ಹಿಡಿಯಬೇಕಿತ್ತು. ಇಲ್ಲವೇ ತಲೆ, ಕುತ್ತಿಗೆ, ಬೆನ್ನು ಒಂದೇ ಗೆರೆಯಲ್ಲಿರುವಂತೆ ಮರದ ದಿಮ್ಮಿ ಉರುಳಿಸಿದ ಹಾಗೆ ಬದಿಗೆ ತಿರುಗಿಸಬೇಕಿತ್ತು. ನಾವು ಅಂಗಾತ ಹಾಕಿ ಕಳಿಸಿದೆವು. ಚಾಲಕನ ತೊಡೆಗೆ ಬೇಕಿದ್ದದ್ದು ಕಾಫಿ ಪುಡಿಯಲ್ಲ, ಒಂದು ಬೈರಾಸು (ಟವೆಲ್) ಮತ್ತು ಒಬ್ಬ ಗಟ್ಟಿ ಕೈಯವನು. ಗಾಯದ ಮೇಲೆ ಒತ್ತಿ ಹಿಡಿದು, ಮಧ್ಯೆ ಮಧ್ಯೆ ಎತ್ತಿ ನೋಡದೆ ಕೂತರೆ ಮುಗಿಯಿತು. ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷದಲ್ಲಿ ಜೀವ ಹೋಗುತ್ತದೆ. ಅದಕ್ಕೇ ಮೊದಲು ಉಸಿರಿನ ದಾರಿ ನೋಡು ಎಂದು ಕಲಿಸುತ್ತಿದ್ದವರು ಈಗ ಅದಕ್ಕೂ ಮೊದಲು ಸುರಿಯುವ ರಕ್ತ ನಿಲ್ಲಿಸು ಅನ್ನುತ್ತಾರೆ. ಸ್ಕೂಟರಿನ ಅಕ್ಕ ಹಸಿರು. ನೋವು ಸುಳ್ಳಲ್ಲ, ಆದರೆ ಬೊಬ್ಬೆ ಹಾಕಲು ಉಸಿರು ಬೇಕು, ಪ್ರಜ್ಞೆ ಬೇಕು. ಅವೆರಡೂ ಅವರಿಗೆ ಇತ್ತು.

ಕಟ್ಟೆಯಲ್ಲಿ ಕೂತವನು? ನಡೆದುಕೊಂಡು ಹೋದವನು, ಅಂದರೆ ಕ್ರಮದ ಪ್ರಕಾರ ಅವನೂ ಹಸಿರು!

ಕ್ರಮದ ತೂತು

ಇಲ್ಲಿಯೇ ನನಗೆ ಈ ವಿಷಯ ರುಚಿ ಹಿಡಿದದ್ದು. ಅರ್ಧ ನಿಮಿಷದ ಲೆಕ್ಕ ಒಡೆದ ಸ್ಪ್ಲೀನನ್ನು ಹಿಡಿಯುವುದಿಲ್ಲ. ಅದು ತಪ್ಪು ಕ್ರಮ ಎಂದಲ್ಲ. ಒಮ್ಮೆ ಬಣ್ಣ ಕೊಟ್ಟರೆ ಕೆಲಸ ಮುಗಿಯಿತು ಎಂದು ತಿಳಿಯುವುದು ತಪ್ಪು. ಹಸಿರು ಎಂದರೆ "ಇವನಿಗೆ ಏನೂ ಆಗಿಲ್ಲ" ಅಂತಲ್ಲ. "ಇವನನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂದು ನೋಡು" ಅಂತ. ಐದು ಹತ್ತು ನಿಮಿಷಕ್ಕೊಮ್ಮೆ ಮರದ ಹತ್ತಿರ ನಿಂತವರ ನಾಡಿ ಹಿಡಿದು ನೋಡುವವರು ಒಬ್ಬರು ಬೇಕು.

ದೇಹ ಯಾಕೆ ಹೀಗೆ ಮೋಸ ಮಾಡುತ್ತದೆ? ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಅದರಲ್ಲಿ ಮುಕ್ಕಾಲು ಲೀಟರ್ ಹೋದರೂ ಹೊರಗೆ ಹೆಚ್ಚೇನೂ ಕಾಣುವುದಿಲ್ಲ. ಅಲ್ಲಿಂದ ಒಂದೂವರೆ ಲೀಟರಿನವರೆಗೆ ನಾಡಿ ಓಡುತ್ತದೆ, ಮೈ ತಣ್ಣಗಾಗುತ್ತದೆ, ಬೆವರುತ್ತದೆ, ಮನುಷ್ಯ ಚಡಪಡಿಸುತ್ತಾನೆ. ಬಿಪಿ ಮಾತ್ರ ಹೆಚ್ಚುಕಡಿಮೆ ಇದ್ದಲ್ಲಿಯೇ ಇರುತ್ತದೆ. ಸಣ್ಣ ರಕ್ತನಾಳಗಳನ್ನು ಬಿಗಿ ಮಾಡಿ, ಹೃದಯ ಜೋರು ಓಡಿಸಿ ದೇಹ ಒತ್ತಡವನ್ನು ಎತ್ತಿ ಹಿಡಿಯುತ್ತದೆ. ಸುಮಾರು ಮೂರರಲ್ಲಿ ಒಂದು ಪಾಲು ಹೋದಾಗ ಆ ಕೈ ಸೋಲುತ್ತದೆ, ಒಮ್ಮೆಲೇ ಎಲ್ಲ ಕುಸಿಯುತ್ತದೆ. ಗಟ್ಟಿಮುಟ್ಟು ಹುಡುಗರಲ್ಲಿ ಈ ಎತ್ತಿ ಹಿಡಿಯುವ ಶಕ್ತಿ ಜಾಸ್ತಿ. ಹಾಗಾಗಿ ಅವರು ಕೊನೆಯವರೆಗೂ ಚೆನ್ನಾಗಿ ಕಾಣುತ್ತಾರೆ.

ಆಂಬ್ಯುಲೆನ್ಸಿನಲ್ಲಿ "ಬಿಪಿ ನಾರ್ಮಲ್" ಎಂಬ ಮಾತು ಕೇಳಿ ಮನೆಯವರು ಸಮಾಧಾನದ ಉಸಿರು ಬಿಡುವುದು ಇದಕ್ಕೇ ಅಪಾಯ. ನಾಡಿಯ ಸಂಖ್ಯೆ ಬಿಪಿಯ ಮೇಲಿನ ಸಂಖ್ಯೆಗಿಂತ ಜಾಸ್ತಿ ಆಯಿತಾ ನೋಡಬೇಕು. ನಾಡಿ 120, ಬಿಪಿ 105 ಅಂದರೆ ಒಳಗೆ ಎಲ್ಲೋ ಸೋರುತ್ತಿದೆ ಎಂದೇ ಲೆಕ್ಕ. ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಮುಂದಾಳತ್ವದಲ್ಲಿ 2021ರಲ್ಲಿ ಪರಿಷ್ಕರಿಸಿದ, ಗಾಯಾಳುಗಳನ್ನು ಸ್ಥಳದಲ್ಲೇ ವಿಂಗಡಿಸುವ ಮಾರ್ಗಸೂಚಿಯಲ್ಲಿ ಈ ಅಳತೆಯೂ ಸೇರಿದೆ.

ಆದರೆ ಇದೇ ಅಳತೆ ಅಜ್ಜ ಅಜ್ಜಿಯರ ವಿಷಯದಲ್ಲಿ ಕೈಕೊಡಬಹುದು. ಕೆಲವು ಬಿಪಿ ಮಾತ್ರೆಗಳು ನಾಡಿಯನ್ನು ಏರಲು ಬಿಡುವುದಿಲ್ಲ. ದಿನವೂ 160 ಇರುವವರಿಗೆ 110 ಅಂದರೆ ನಾರ್ಮಲ್ ಅಲ್ಲ, ಕುಸಿತ. ಅದಕ್ಕೇ 65 ದಾಟಿದವರಿಗೆ ಅದೇ ಮಾರ್ಗಸೂಚಿ 110ಕ್ಕಿಂತ ಕೆಳಗೆ ಇಳಿದರೆ ಕೆಂಪು ಅನ್ನುತ್ತದೆ. ಹತ್ತರಿಂದ 64 ವಯಸ್ಸಿನವರಿಗೆ ಆ ಗೆರೆ 90.

ಇದು ನಮ್ಮ ಊರಿಗೆ ತುಂಬ ಹತ್ತಿರದ ಮಾತು. ಮಕ್ಕಳು ಮುಂಬೈಯಲ್ಲೋ ದುಬೈಯಲ್ಲೋ ಇರುವ, ಇಬ್ಬರೇ ವಯಸ್ಸಾದವರು ಇರುವ ಮನೆಗಳು ಉಡುಪಿಯಲ್ಲಿ ಬೀದಿಗೆ ನಾಲ್ಕು ಸಿಗುತ್ತವೆ. ಜುಲೈಯಲ್ಲಿ ಅಂಗಳವಿಡೀ ಪಾಚಿ. ಅಜ್ಜಿ ಹೂ ಕೊಯ್ಯಲು ಹೋಗಿ ಜಾರಿ ಬೀಳುತ್ತಾರೆ, ತಲೆಗೆ ಸಣ್ಣ ಪೆಟ್ಟು, ಎದ್ದು ಕಾಫಿಯನ್ನೂ ಮಾಡುತ್ತಾರೆ. ಹೃದಯದ ತೊಂದರೆಗೆ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆ ಸಣ್ಣ ಪೆಟ್ಟೇ ಮಿದುಳಿನ ಸುತ್ತ ರಕ್ತ ಕಟ್ಟಲು ಸಾಕು. ನಿಂತಲ್ಲಿಂದ ಬಿದ್ದದ್ದಾದರೂ, ತಲೆಗೆ ತಾಗಿದ್ದರೆ, ವಯಸ್ಸಾಗಿದ್ದರೆ, ಇಂಥ ಮಾತ್ರೆ ಇದ್ದರೆ ಗಂಭೀರ ಎಂದೇ ತಿಳಿದು ಸ್ಕ್ಯಾನ್ ಇರುವಲ್ಲಿಗೆ ಒಯ್ಯಬೇಕು. ಹೊರಡುವಾಗ ಮಾತ್ರೆಯ ಚೀಟಿ ಚೀಲಕ್ಕೆ ಹಾಕಿಕೊಳ್ಳಿ. ಅದು ಇನ್ಶೂರೆನ್ಸ್ ಕಾರ್ಡಿಗಿಂತ ಮೊದಲು ಬೇಕಾಗುತ್ತದೆ.

ಅಡಿಕೆ ಮರದ ಬುಡದಲ್ಲಿ

ಟ್ರಾಮಾ, ಅಂದರೆ ಮೈಗೆ ಬೀಳುವ ಇಂಥ ದೊಡ್ಡ ಪೆಟ್ಟು, ಹೆದ್ದಾರಿಯದ್ದು ಮಾತ್ರವಲ್ಲ. ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆ ಮಳೆಗಾಲ ಅಂದರೆ ಅಡಿಕೆಗೆ ಮದ್ದು ಬಿಡುವ ಕಾಲ. ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಸಿಂಪಡಿಸಲು ಒದ್ದೆ ಮರ ಹತ್ತಬೇಕು. ಈಗ ನೆಲದಲ್ಲೇ ನಿಂತು ಮದ್ದು ಬಿಡುವ ಕಾರ್ಬನ್ ಫೈಬರ್ ದೋಟಿ ಬಂದಿದೆ, ಬಳಸುವವರೂ ಹೆಚ್ಚಾಗಿದ್ದಾರೆ. ಆದರೂ ಮರ ಹತ್ತುವುದು ನಿಂತಿಲ್ಲ. ಮಾರ್ಗಸೂಚಿಯಲ್ಲಿ ಹತ್ತು ಅಡಿಗಿಂತ ಮೇಲಿನಿಂದ ಬಿದ್ದರೆ ಎಚ್ಚರಿಕೆ ಎಂದಿದೆ. ಅಡಿಕೆ ಮರದ ಲೆಕ್ಕದಲ್ಲಿ ಹತ್ತು ಅಡಿ ಅಂದರೆ ಇನ್ನೂ ಹತ್ತಲು ಶುರು ಮಾಡಿದ್ದಷ್ಟೇ.

ಬಿದ್ದವನ ಹತ್ತಿರ ಓಡಿದವರು ಮೊದಲು ಮಾಡುವ ಕೆಲಸ ಎತ್ತಿ ಕೂರಿಸುವುದು. ಎರಡನೆಯದು ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಅದರಲ್ಲಿ ಕೂರಿಸಿ ತೋಟದ ಸಂಕ ದಾಟಿಸುವುದು. ಬೆನ್ನೆಲುಬು ಮುರಿದಿದ್ದು, ಒಳಗಿನ ನರದ ಹುರಿ ಇನ್ನೂ ಉಳಿದಿದ್ದರೆ ಅದನ್ನು ಕೆಡಿಸಲು ಇಷ್ಟು ಸಾಕು. ಮಲಗಿದಲ್ಲಿಯೇ ಕೇಳಬೇಕು: ಕಾಲಿನ ಬೆರಳು ಆಡಿಸು. ನಾನು ಮುಟ್ಟಿದ್ದು ಗೊತ್ತಾಗುತ್ತದಾ? ಆಗುವುದಿಲ್ಲ ಅಂದರೆ ಕೆಂಪು, ಮತ್ತು ಸಮೀಪದ ಕ್ಲಿನಿಕ್ಕಿಗಲ್ಲ, ಬೆನ್ನೆಲುಬಿನ ಆಪರೇಷನ್ ಮಾಡುವಲ್ಲಿಗೆ. ಎತ್ತಲು ಹಲಗೆಯೋ ಕಳಚಿದ ಬಾಗಿಲೋ ಆಗುತ್ತದೆ. ಒಬ್ಬ ತಲೆ ಹಿಡಿದು "ಒಂದು ಎರಡು ಮೂರು" ಹೇಳಬೇಕು, ಉಳಿದವರು ಅವನ ಮಾತಿಗೆ ಒಟ್ಟಿಗೆ ಉರುಳಿಸಬೇಕು. ತೋಟದಲ್ಲಿ ಭಾರ ಎತ್ತಿ ಅಭ್ಯಾಸ ಇರುವವರಿಗೆ ಇದು ಕಷ್ಟವೇ ಅಲ್ಲ. ಹೇಳಿಕೊಟ್ಟವರಿಲ್ಲ, ಅಷ್ಟೆ.

ಭಾಷೆಯ ಪೆಟ್ಟು

ತಲೆಗೆ ಪೆಟ್ಟಾದವರ ಪ್ರಜ್ಞೆ ಅಳೆಯಲು ಗ್ಲಾಸ್ಗೋ ಕೋಮಾ ಸ್ಕೇಲ್ ಎಂಬ ಅಳತೆ ಉಂಟು. 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ಗ್ಲಾಸ್ಗೋದಲ್ಲಿ ಮಾಡಿದ್ದು. ಕಣ್ಣು ಬಿಡುವುದು, ಮಾತು, ಕೈಕಾಲು ಆಡಿಸುವುದು, ಇವಕ್ಕೆ ಅಂಕ. ಪೂರ್ತಿ ಎಚ್ಚರ ಇದ್ದರೆ 15, ಏನೂ ಇಲ್ಲದಿದ್ದರೆ 3.

ಮಾತಿಗೆ ಅಂಕ ಕೊಡುವಾಗ "ನಿಮ್ಮ ಹೆಸರೇನು, ಇದು ಯಾವ ಜಾಗ" ಎಂದು ಕೇಳುತ್ತಾರೆ. ಗ್ಲಾಸ್ಗೋದಲ್ಲಿ ಇದು ಸುಲಭ ಇದ್ದಿರಬಹುದು. ನಮ್ಮಲ್ಲಿ ಬಿದ್ದವನು ತುಳುವಿನವನೋ, ಬ್ಯಾರಿಯೋ, ಕೊಂಕಣಿಯೋ, ಮಲಯಾಳವೋ? ಮಲ್ಪೆ ಬಂದರಿನಲ್ಲಿ ಬೋಟಿನಿಂದ ಬಿದ್ದವನು ಒಡಿಶಾದವನಾಗಿರಬಹುದು. ಕಟ್ಟಡದ ಸಾರುವೆಯಿಂದ ಬಿದ್ದವನು ಬಿಹಾರದವನಾಗಿರಬಹುದು. ಆಂಬ್ಯುಲೆನ್ಸಿನ ಹುಡುಗ ಬಯಲುಸೀಮೆಯವನಾದರೆ "ಈರೆನ ಪುದರ್ ದಾದ" (ತುಳುವಿನಲ್ಲಿ, ನಿಮ್ಮ ಹೆಸರೇನು) ಎಂಬುದು ಅವನಿಗೂ ಬಾರದು. ಉತ್ತರ ಅರ್ಥವಾಗದ ಮಾತೆಲ್ಲ ಬಡಬಡಿಕೆ ಎನಿಸಿ ಅಂಕ ಇಳಿಯುತ್ತದೆ. ಇದರ ತಿರುಗುಮುರುಗು ಇನ್ನೂ ಕೆಟ್ಟದು. ನಿಜವಾಗಿ ಬಡಬಡಿಸುವವನನ್ನು "ಅವನ ಭಾಷೆ ನಮಗೆ ಬರುವುದಿಲ್ಲ" ಎಂದು ಬಿಟ್ಟುಬಿಡುವುದು. ಕುಡಿದಿದ್ದಾನೆ ಎಂದು ಬದಿಗೆ ಸರಿಸುವುದೂ ಇದೇ ಜಾತಿಯ ತಪ್ಪು. ಕುಡಿದವನ ತಲೆಯೊಳಗೂ ರಕ್ತ ಹೆಪ್ಪುಗಟ್ಟುತ್ತದೆ.

ಇದಕ್ಕೆ ಒಂದು ದಾರಿ ಉಂಟು. 2021ರ ಮಾರ್ಗಸೂಚಿ ಪೂರ್ತಿ ಅಳತೆಯನ್ನು ಬಿಟ್ಟು ಒಂದೇ ಪ್ರಶ್ನೆ ಇಟ್ಟುಕೊಂಡಿದೆ: ಹೇಳಿದ ಸರಳ ಕೆಲಸ ಮಾಡುತ್ತಾನಾ? ಅದನ್ನು ಬಾಯಲ್ಲೇ ಹೇಳಬೇಕೆಂದಿಲ್ಲ. ಎದುರು ಕೂತು ಎರಡು ಬೆರಳು ಎತ್ತಿ ತೋರಿಸಿ, ಹಾಗೆ ಮಾಡು ಎಂದು ಸನ್ನೆ ಮಾಡಿದರೆ ಸಾಕು. ಭಾಷೆ ಬೇಡ, ಕಿವಿಯೂ ಬೇಡ.

ಎಲ್ಲಿಗೆ, ಯಾಕೆ

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಒಂಬತ್ತು ಕಾಲೇಜುಗಳಲ್ಲಿ ಸುಳ್ಯದ್ದೊಂದು ಬಿಟ್ಟರೆ ಉಳಿದದ್ದೆಲ್ಲ ಕರಾವಳಿಯ ಗೆರೆಯ ಮೇಲೆ ಅಥವಾ ಅದರ ಹತ್ತಿರ. ಮಂಗಳೂರು ನಗರದ ನಂತೂರಿನಲ್ಲಿ ಬಿದ್ದವನಿಗೂ ಚಾರ್ಮಾಡಿ ಘಾಟಿಯಲ್ಲಿ ಬಿದ್ದವನಿಗೂ ಒಂದೇ ನಿಯಮ ಆಗುವುದಿಲ್ಲ. ಧರ್ಮಸ್ಥಳದಿಂದ ಮಂಗಳೂರಿಗೆ ಸುಮಾರು 75 ಕಿಲೋಮೀಟರ್. ಹತ್ತಿರದ ತಾಲೂಕು ಆಸ್ಪತ್ರೆಗೆ ಒಯ್ದು, ಅಲ್ಲಿಂದ ಇನ್ನೊಂದಕ್ಕೆ ಕಳಿಸಿ, ಅಲ್ಲಿ ನ್ಯೂರೋಸರ್ಜನ್ ಇಲ್ಲ ಎಂದು ಮೂರನೆಯದಕ್ಕೆ ಹೋಗುವ ಕತೆ ಎಲ್ಲರಿಗೂ ಗೊತ್ತಿರುವುದೇ. ಹಾಗೆಂದು ಎಲ್ಲರನ್ನೂ ಸೀದಾ ಮಂಗಳೂರಿಗೆ ಓಡಿಸಿದರೂ ತಪ್ಪೇ. ಉಸಿರಿನ ದಾರಿ ತೆರೆದು ನಿಲ್ಲದವನನ್ನು, ರಕ್ತ ನಿಲ್ಲದವನನ್ನು ದಾರಿಯಲ್ಲಿ ಸಿಗುವ ಮೊದಲ ಆಸ್ಪತ್ರೆಯಲ್ಲಿ ನಿಲ್ಲಿಸಿ ಸರಿಪಡಿಸಲೇಬೇಕು. ಮುಂದಿನದು ಆಮೇಲೆ.

ಅಂದಾಜು ತಪ್ಪುವುದು ಇದ್ದದ್ದೇ. ಗಂಭೀರ ಇರುವವರನ್ನು ಸಾಧಾರಣ ಎಂದು ಬಿಡುವ ತಪ್ಪು ನೂರಕ್ಕೆ ಐದನ್ನು ದಾಟಬಾರದು ಎಂದು ಅಮೆರಿಕದ ಅದೇ ಸರ್ಜನರ ಸಂಸ್ಥೆ ಗುರಿ ಇಟ್ಟಿದೆ. ಸಾಧಾರಣ ಇರುವವರನ್ನು ಗಂಭೀರ ಎಂದು ದೊಡ್ಡ ಆಸ್ಪತ್ರೆಗೆ ಒಯ್ಯುವ ತಪ್ಪು ನೂರಕ್ಕೆ 25ರಿಂದ 35ರವರೆಗೆ ಆದರೂ ಸಹಿಸಿಕೊಳ್ಳುತ್ತದೆ. "ಸುಮ್ನೆ ಇಲ್ಲಿಯವರೆಗೆ ತಂದಿರಿ" ಎಂದು ಕ್ಯಾಶುವಾಲ್ಟಿಯಲ್ಲಿ ಯಾರಾದರೂ ಗೊಣಗಿದರೆ ಬೇಸರ ಮಾಡಬೇಡಿ. ಲೆಕ್ಕದಲ್ಲೇ ಅದಕ್ಕೆ ಜಾಗ ಬಿಟ್ಟಿದ್ದಾರೆ.

ಪೆಟ್ಟಾದ ಮೊದಲ ಒಂದು ಗಂಟೆಯೊಳಗೆ ಚಿಕಿತ್ಸೆ ಸಿಗಬೇಕು ಎಂಬ ಗೋಲ್ಡನ್ ಅವರ್ ಮಾತನ್ನು ಹರಡಿದವರು ಬಾಲ್ಟಿಮೋರಿನ ಸರ್ಜನ್ ಆರ್. ಆಡಮ್ಸ್ ಕೌಲಿ. 60 ನಿಮಿಷಕ್ಕೇ ಗೆರೆ ಎಳೆಯುವಷ್ಟು ಗಟ್ಟಿ ಪುರಾವೆ ಅದಕ್ಕಿಲ್ಲ. ನಮ್ಮ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಅದು ಸೇರಿಯೂ ಆಯಿತು. ಗಡಿಯಾರ ನೋಡುವುದು ಒಳ್ಳೆಯದೇ. ಆದರೆ ಗಡಿಯಾರ ಒಂದನ್ನೇ ನೋಡಿದರೆ ಜೀರೋ ಟ್ರಾಫಿಕ್ ಮಾಡಿ ಸೈರನ್ ಹೊಡೆಯುವುದೇ ಚಿಕಿತ್ಸೆ ಎಂಬ ಭ್ರಮೆ ಬರುತ್ತದೆ. ಒಳಗಿನ ರಕ್ತಸ್ರಾವ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಅಗ್ಗದ ಇಂಜೆಕ್ಷನ್ ಉಂಟು. 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಪ್ರಯೋಗದಲ್ಲಿ 20,000ಕ್ಕೂ ಹೆಚ್ಚು ಗಾಯಾಳುಗಳನ್ನು ನೋಡಿದಾಗ ಅದು ಸಾವು ತಗ್ಗಿಸುತ್ತದೆ ಎಂದು ಗೊತ್ತಾಯಿತು. ಪೆಟ್ಟಾದ ಮೂರು ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಗುಣ. ಮೂರು ಆಸ್ಪತ್ರೆ ಸುತ್ತಿದವನಿಗೆ ಅದು ತಪ್ಪಿಹೋಗುತ್ತದೆ.

ದುಡ್ಡಿನ ಮತ್ತು ಪೊಲೀಸಿನ ಹೆದರಿಕೆಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಆಸ್ಪತ್ರೆಗೆ ತಂದವನನ್ನು ಸಾಕ್ಷಿಯಾಗು ಎಂದು ಒತ್ತಾಯಿಸುವಂತಿಲ್ಲ. ಸುಪ್ರೀಂ ಕೋರ್ಟ್ 2016ರಲ್ಲೇ ಇದನ್ನು ಗಟ್ಟಿ ಮಾಡಿದೆ, 2019ರ ತಿದ್ದುಪಡಿಯಲ್ಲೂ ಉಂಟು. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ ಬಂದಿದೆ. "ಬಿಲ್ ಜಾಸ್ತಿ" ಎಂದು ರಸ್ತೆಯಲ್ಲಿ ಚರ್ಚೆ ಮಾಡುವ ಕಾರಣ ಇನ್ನು ಕಡಿಮೆ ಆಗಬೇಕು.

ಬಜ್ಪೆಯ ದಿನ

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿತ್ತು. ಒಳಗಿದ್ದವರು 166 ಜನ. 158 ಜನ ಸತ್ತರು, ಎಂಟು ಜನ ಉಳಿದರು. ಓಡಿ ಹೋದವರಲ್ಲಿ ಸುತ್ತಲಿನ ಊರಿನವರೂ ಇದ್ದರು. ಅಂದು ವಿಂಗಡಿಸಲು ಉಳಿದದ್ದೇ ಕಡಿಮೆ. ಬೆಂಕಿಯೇ ಆ ಕೆಲಸ ಮುಗಿಸಿತ್ತು.

ಆದರೆ ಅದೇ ವಿಮಾನ ಬೆಂಕಿ ಹಿಡಿಯದೆ ಒಡೆದಿದ್ದರೆ? ನೂರು ಜನ ಗಾಯಾಳುಗಳು, ಕಣಿವೆ, ಕಿರಿದಾದ ರಸ್ತೆ. ದೊಡ್ಡ ದುರಂತಗಳಲ್ಲಿ ಮತ್ತೆ ಮತ್ತೆ ಕಂಡ ಒಂದು ಸಂಗತಿ ಉಂಟು. ನಡೆಯಬಲ್ಲವರು ಸಿಕ್ಕಿದ ವಾಹನ ಹತ್ತಿ ಹತ್ತಿರದ ಆಸ್ಪತ್ರೆಗೆ ಮೊದಲು ತಲುಪಿ ಹಾಸಿಗೆ ತುಂಬುತ್ತಾರೆ. ಅವಶೇಷದಡಿಯಿಂದ ತೆಗೆದ ಕೆಂಪಿನವರು ಬರುವಾಗ ಅಲ್ಲಿ ಜಾಗ ಇರುವುದಿಲ್ಲ. ನಮ್ಮ ಒಂಬತ್ತು ಮೆಡಿಕಲ್ ಕಾಲೇಜುಗಳು ನಿಜವಾಗಿ ಆಸ್ತಿಯಾಗುವುದು ಇಂಥ ದಿನ. ಕೆಂಪಿನವರನ್ನು ಹಂಚಿ ಕಳಿಸಬಹುದು, ಹಸಿರಿನವರನ್ನು ಬಸ್ಸಿನಲ್ಲಿ ಕೂರಿಸಿ ದೂರದ ಆಸ್ಪತ್ರೆಗೆ ಒಯ್ಯಬಹುದು. ಆದರೆ ಸ್ಥಳದಲ್ಲಿ ನಿಂತು "ಇವರು ಕಂಕನಾಡಿಗೆ, ಇವರು ಕುಂಟಿಕಾನಕ್ಕೆ, ಇವರು ದೇರಳಕಟ್ಟೆಗೆ" ಎಂದು ಹೇಳುವವರು ಒಬ್ಬರೇ ಇರಬೇಕು, ಉಳಿದವರು ಅವರ ಮಾತು ಕೇಳಬೇಕು. ಕರಾವಳಿಯವರಾದ ನಮಗೆ ಎರಡನೆಯದೇ ಕಷ್ಟ ಎಂದು ಕಾಣುತ್ತದೆ.

ಇದನ್ನು ಯಾರಿಗೆ ಕಲಿಸಬೇಕು ಎಂದರೆ, ನನ್ನ ಮಟ್ಟಿಗೆ ಮೊದಲು ರಿಕ್ಷಾ ಸ್ಟ್ಯಾಂಡಿನವರಿಗೆ. ಪಡುಬಿದ್ರಿಯಲ್ಲಿ, ಸುರತ್ಕಲ್ಲಿನಲ್ಲಿ, ತೊಕ್ಕೊಟ್ಟಿನಲ್ಲಿ ಆಂಬ್ಯುಲೆನ್ಸಿಗಿಂತ ಮೊದಲು ಬರುವವರು ಅವರೇ. ಅವರಿಗೆ ಒಂದು ಭಾನುವಾರ ಸಾಕು. ಎದ್ದು ನಡೆಯುವವರನ್ನು ಬದಿಗೆ ಕರೆಯುವುದು, ಒತ್ತಿ ಹಿಡಿಯುವುದು, ಬದಿಗೆ ಉರುಳಿಸುವುದು, ಬೊಬ್ಬೆ ಹಾಕದವರನ್ನು ಮೊದಲು ನೋಡುವುದು, ಬಾಯಿಗೆ ನೀರು ಹಾಕದಿರುವುದು. ಮತ್ತೆ ಫೋನಿನಲ್ಲಿ ಏನು ಹೇಳಬೇಕು ಎಂಬುದು.

108ಕ್ಕೋ 112ಕ್ಕೋ ಫೋನ್ ಮಾಡಿದಾಗ ಹೇಳಬೇಕಾದದ್ದು ಹೀಗಿರಬೇಕು: "ಕಟಪಾಡಿ ಜಂಕ್ಷನ್ ದಾಟಿ ಉಡುಪಿಗೆ ಹೋಗುವ ಬದಿ, ಬಸ್‌ಸ್ಟಾಪಿನ ಎದುರು. ನಾಲ್ಕು ಜನ. ಒಬ್ಬನಿಗೆ ಪ್ರಜ್ಞೆ ಇಲ್ಲ, ಉಸಿರು ಗೊರಗೊರ. ಒಬ್ಬನ ತೊಡೆಯಿಂದ ರಕ್ತ, ಒತ್ತಿ ಹಿಡಿದಿದ್ದೇವೆ. ಒಬ್ಬನ ಹೊಟ್ಟೆಗೆ ಪೆಟ್ಟು, ಬೆವರುತ್ತಿದ್ದಾನೆ. ಒಬ್ಬರಿಗೆ ಕೈ ಮುರಿದಿದೆ. ಎರಡು ಗಾಡಿ ಬೇಕು."

ಇಷ್ಟು ಹೇಳಲು ಇಪ್ಪತ್ತು ಸೆಕೆಂಡ್ ಬೇಕು. ಆ ಸಂಜೆ ಫೋನ್ ಮಾಡಿದವನು ನಾನೇ. "ದೊಡ್ಡ ಆಕ್ಸಿಡೆಂಟ್, ಬೇಗ ಬನ್ನಿ" ಎಂದು ಹೇಳಿ ಕಟ್ ಮಾಡಿದ್ದೆ.